ಇನ್ನೊಬ್ಬರು ತುಂಬಿದ ಗುಂಡು

ಹ್ಯೂಸ್ಟನ್ನಿನ ನಮ್ಮ ಮನೆಯ ಗರಾಜಿನಲ್ಲಿ ಕಾರು ನಿಂತದ್ದು ಮೊದಲೆರಡು ವರ್ಷ ಮಾತ್ರ. ಆಮೇಲೆ ಅಲ್ಲಿಗೆ ನನ್ನ ಗಂಡನ ಮೇಜು ಬಂತು. ದಪ್ಪ ಹಲಗೆಯ ಮೇಜು, ಅದರ ಅಂಚಿಗೆ ಬೋಲ್ಟು ಹಾಕಿ ಬಿಗಿದ ಕಬ್ಬಿಣದ ಪ್ರೆಸ್ಸು, ಪ್ರೆಸ್ಸಿಗೆ ಬಲಗಡೆ ಉದ್ದನೆಯ ಹಿಡಿಕೆ. ಗೋಡೆಗೆ ಒಂದು ಕಪಾಟು. ಕಪಾಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳು, ಡಬ್ಬಿಗಳ ತುಂಬ ಅವನು ಕೈಯಾರೆ ತುಂಬಿದ ಗುಂಡುಗಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವನು ರಿಫೈನರಿಗಳಿಗೆ ಪೈಪುಗಳ ನಕ್ಷೆ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಗ್ರೀನ್ ಕಾರ್ಡ್ ಬಂದ ವರ್ಷ ಅವನು ಆಫೀಸಿನ ಗೆಳೆಯನ ಜೊತೆ ಬಂದೂಕುಗಳ ಸಂತೆಗೆ ಹೋದ. ಸುಮ್ಮನೆ ನೋಡಿ ಬರುತ್ತೇನೆಂದು ಹೋದವನು, ಸಂಜೆ ಹಳೇ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕಾರಿನಿಂದ ಇಳಿಸಿದ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿ, ಕಬ್ಬಿಣದ ಒಂದು ಜಾಗದಲ್ಲಿ ಬೆರಳಿಟ್ಟ.

“ಇಲ್ನೋಡು.”

ನಮ್ಮ ರೂಪಾಯಿಯ ಮೇಲಿರುವಂಥದೇ ಸಿಂಹಗಳ ಮುದ್ರೆ ಅಲ್ಲಿತ್ತು, ಸವೆದು ಮಸುಕಾಗಿತ್ತು.

“ನಮ್ಮ ದೇಶದಾಗ ಮಾಡಿದ್ದು. ತ್ರೀ ನಾಟ್ ತ್ರೀ. ನಮ್ಮಪ್ಪ ಹೆಗಲಿಗೆ ಹಾಕ್ಕೊಂಡು ಡ್ಯೂಟಿಗೆ ಹೋಗ್ತಿದ್ದದ್ದು ಇದ ನಮೂನಿದು.”

ಅವನ ಅಪ್ಪ ಧಾರವಾಡದಲ್ಲಿ ಪೊಲೀಸ್ ಹವಾಲ್ದಾರರಾಗಿದ್ದರು. ಅವನು ಪಿಯುಸಿಯಲ್ಲಿದ್ದಾಗಲೇ ಹೋಗಿಬಿಟ್ಟಿದ್ದರು. ನಾನು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ.

“ಮಗು ಇರೋ ಮನೇಲಿ ಇದೆಲ್ಲ ಯಾಕೆ?” ಎಂದೆ. ಮಗಳಿಗೆ ಆಗ ನಾಲ್ಕೋ ಐದೋ. ಅವನು ವಾದಿಸಲಿಲ್ಲ. ಮರುದಿನವೇ ಉಕ್ಕಿನ ಒಂದು ಬೀರು ತಂದು ಗೋಡೆಗೆ ಬಿಗಿದು, ಬಂದೂಕನ್ನು ಅದರೊಳಗಿಟ್ಟು ಬೀಗ ಹಾಕಿದ. ಆ ಬೀಗದ ಕೈ ಅವನ ಸೊಂಟ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಮಾಂಸ ಮುಟ್ಟದ ಮನುಷ್ಯ. ಬೇಟೆಗೆ ಕರೆದರೆ ಕಿವಿ ಹಿಡಿದುಕೊಂಡು “ಬ್ಯಾಡಪ್ಪಾ” ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಕಾಗದದ ಮೇಲಿನ ಕಪ್ಪು ವೃತ್ತ. ಆಸ್ಟಿನ್ನಿನ ಆಚೆ, ಟೇಲರ್ ಕಡೆ ಹೋಗುವ ದಾರಿಯಲ್ಲಿ, ಹಳೆಯ ಸೈನ್ಯದ ಬಂದೂಕುಗಳನ್ನು ಇಟ್ಟುಕೊಂಡವರ ಒಂದು ಕ್ಲಬ್ಬಿತ್ತು. ತಿಂಗಳಿಗೊಂದು ಸಲ ಅಲ್ಲಿ ಗುರಿ ಹೊಡೆಯುವ ಪಂದ್ಯ. ಯಾರದೋ ತಾತ ಯುದ್ಧದಿಂದ ತಂದದ್ದು, ಯಾರೋ ಸಂತೆಯಲ್ಲಿ ಕೊಂಡದ್ದು, ಹೀಗೆ ಒಂದೊಂದು ದೇಶದ ಬಂದೂಕು. ಭಾರತದ್ದು ಇವನದೊಂದೇ. ಆಯುಧಪೂಜೆಗೆ ಹಚ್ಚಿದ ಕುಂಕುಮದ ಬೊಟ್ಟು ಮರದ ಹಿಡಿಕೆಯ ಮೇಲೆ ವರ್ಷವಿಡೀ ಉಳಿದಿರುತ್ತಿತ್ತು. ಅಲ್ಲಿಯವರು ಅದೇನೆಂದು ಒಮ್ಮೆ ಕೇಳಿ ತಿಳಿದುಕೊಂಡು, ಮತ್ತೆ ಕೇಳಲಿಲ್ಲ.

ಆ ಕ್ಲಬ್ಬಿನಲ್ಲಿ ಅಂಗಡಿಯ ಗುಂಡು ಹಾರಿಸುವವರು ಕಡಿಮೆ. ಒಂದೊಂದು ಹಳೆಯ ಬಂದೂಕಿಗೂ ಒಂದೊಂದು ಹದ ಇರುತ್ತದೆ, ಆ ಹದ ಅಂಗಡಿಯಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದರು. ಹಾರಿಸಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ ಉಳಿಯುತ್ತದಲ್ಲ, ಅದನ್ನು ಹೆಕ್ಕಿ ತಂದು ತೊಳೆದು, ಪ್ರೆಸ್ಸಿನಲ್ಲಿ ಒತ್ತಿ ಬಾಯಿ ಸರಿಮಾಡಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಬಿಲ್ಲೆ ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಹೊಸ ಸೀಸದ ಗುಂಡು ನೆಡಬೇಕು. ನನ್ನ ಗಂಡನ ಮನೆಯಲ್ಲಿ ಆ ಖಾಲಿ ಕೊಳವೆಗೆ ಖೋಕಾ ಅನ್ನುತ್ತಿದ್ದರು. ಪೊಲೀಸರ ಮಾತದು. ನಮಗೂ ಅದೇ ರೂಢಿಯಾಯಿತು.

“ಒಂದ್ ಸಲ ಈ ಬಂದೂಕಿನಾಗ ಹಾರಿದ ಖೋಕಾ ಇದರ ಆಕಾರಕ್ಕ ಉಬ್ಬಿಬಿಡ್ತದ. ಆಮ್ಯಾಲ ಬ್ಯಾರೆ ಬಂದೂಕಿಗೆ ಹೊಂದೂದು ಕಷ್ಟ” ಎಂದು ಒಮ್ಮೆ ತೋರಿಸಿದ. ನಾನು ಹೂಂ ಎಂದೆ. ನನಗೆ ಅದರಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ.

ನನ್ನ ಕೆಲಸ ಬೇರೆಯಿತ್ತು. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಹಿಂದೆ ಔಷಧಿಯನ್ನೂ ಅದೇ ಲೆಕ್ಕದಲ್ಲಿ ತೂಗುತ್ತಿದ್ದರು, ಕಾಲೇಜಿನಲ್ಲಿ ನಾನು ಅದನ್ನು ಓದಿದ್ದೆ. ಹಾಗಾಗಿ ತಕ್ಕಡಿ ಸರಿಯಿದೆಯೇ ಎಂದು ನೋಡುವುದು ನನಗೆ ಬಂತು. ಆಮೇಲೆ ಇನ್ನೊಂದು ಕೆಲಸ. ಮದ್ದು ಹಾಕಿದ ಖೋಕಾಗಳನ್ನು ಅವನು ಮರದ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ನಾನು ಟಾರ್ಚು ಹಿಡಿದು ಪ್ರತಿಯೊಂದರ ಬಾಯೊಳಗೂ ಇಣುಕಬೇಕು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿರಬೇಕು. ಒಂದರಲ್ಲಿ ಇಲ್ಲದಿದ್ದರೂ ಅಪಾಯ, ಒಂದರಲ್ಲಿ ಎರಡು ಸಲ ಬಿದ್ದಿದ್ದರಂತೂ ಹೇಳುವುದೇ ಬೇಡ. “ಎರಡು ಜೊತಿ ಕಣ್ಣು ಬೇಕು” ಎನ್ನುತ್ತಿದ್ದ. ನಾನು ಇಣುಕಿ, ಸರಿ ಎಂದರೆ ಮಾತ್ರ ಗುಂಡು ಕೂರಿಸುತ್ತಿದ್ದ. ಭಾನುವಾರದ ಬೆಳಗ್ಗೆಗಳು ಹೀಗೆ ಹೋಗುತ್ತಿದ್ದವು. ನಾವು ಹೆಚ್ಚು ಮಾತಾಡುವ ಗಂಡ ಹೆಂಡತಿಯಲ್ಲ. ಆ ಕೆಲಸಕ್ಕೆ ಮಾತೂ ಬೇಕಿರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ವಾರದ ನಡುವಿನ ಒಂದು ದಿನ, ಅವನ ಆಫೀಸಿನಿಂದ ನನ್ನ ಅಂಗಡಿಗೆ ಫೋನು ಬಂತು. ಮೀಟಿಂಗಿನಲ್ಲಿ ಕುರ್ಚಿಯಿಂದ ಏಳಲು ಹೋಗಿ ಬಿದ್ದನಂತೆ. ಆಂಬುಲೆನ್ಸಿನವರು ಬರುವಷ್ಟರಲ್ಲಿ ಹೃದಯ ನಿಂತಿತ್ತು. ಹೇಳುತ್ತಿದ್ದ ಹೆಂಗಸು ಅಳುತ್ತಿದ್ದಳು. ನಾನು ಥ್ಯಾಂಕ್ಯೂ ಎಂದು ಫೋನಿಟ್ಟೆ. ನನ್ನೆದುರು ತಟ್ಟೆಯಲ್ಲಿ ರಕ್ತದೊತ್ತಡದ ಮಾತ್ರೆಗಳಿದ್ದವು, ಐದೈದರಂತೆ ಎಣಿಸುತ್ತಿದ್ದೆ. ಎಲ್ಲಿಗೆ ನಿಲ್ಲಿಸಿದ್ದೆನೆಂದು ನೆನಪಿತ್ತು. ಅಲ್ಲಿಂದ ಮುಂದಕ್ಕೆ ಎಣಿಸಿ, ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಕಾಯುತ್ತಿದ್ದ ಮುದುಕರೊಬ್ಬರ ಕೈಗೆ ಕೊಟ್ಟು, “ಊಟದ ಜೊತೆ ತಗೊಳ್ಳಿ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಕೋಟು ಕಳಚಿಟ್ಟು ಕಾರಿನ ಕೀಲಿ ತೆಗೆದುಕೊಂಡೆ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ನಡೆದದ್ದು ಹಾಗೇ.

ಕಾಲು ಮಡಿಸಿ ತುಂಬ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಆ ಕಾಲು ನಮ್ಮದೇ ಅನಿಸುವುದಿಲ್ಲ. ನನಗೆ ಪೂರಾ ಹಾಗಾಗಿತ್ತು. ಊಟ ಮಾಡುತ್ತಿದ್ದೆ, ನಿದ್ದೆ ಬರುತ್ತಿತ್ತು, ಸ್ಕೂಲಿನ ಫಾರಂಗಳಿಗೆ ಸಹಿ ಹಾಕುತ್ತಿದ್ದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಅತ್ತೆ ಬಂದರು. ಮಾವ ತೀರಿಕೊಂಡ ಮೇಲೆ ಅವರು ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಹಿಂದೊಮ್ಮೆ ಬಂದು ಹೋಗಿದ್ದರಿಂದ ವೀಸಾ ಇತ್ತು. ಅವರು ಬರುವ ತನಕ ಅವನನ್ನು ಆಸ್ಪತ್ರೆಯ ಶವಾಗಾರದಲ್ಲೇ ಇಟ್ಟಿದ್ದೆವು. ಅತ್ತೆ ಅವನ ಹಣೆ ಮುಟ್ಟಿ, “ಎಷ್ಟು ತಣ್ಣಗ ಆಗ್ಯಾನಲ್ಲವಾ” ಎಂದರು. ಅಷ್ಟೇ. ಅವರೂ ಅಳಲಿಲ್ಲ. ಅಥವಾ ವಿಮಾನದಲ್ಲೇ ಅತ್ತು ಮುಗಿಸಿದ್ದರೋ ಏನೋ, ನಾನು ಕೇಳಲಿಲ್ಲ.

ಕನ್ನಡದವರು ಬಂದರು. ಸರದಿಯ ಮೇಲೆ ಅನ್ನ, ಸಾರು, ಪಲ್ಯ ತಂದಿಟ್ಟರು. ಒಳ್ಳೆಯವರು. ಆದರೆ ಊರಿಗೆಲ್ಲ ಒಂದು ವಿಷಯ ಗೊತ್ತಿತ್ತು, ನಮ್ಮ ಮನೆಯಲ್ಲಿ ಬಂದೂಕಿದೆ ಎಂದು. ಒಂದು ಸಂಜೆ ಆಂಟಿಯೊಬ್ಬರು ಸೋಫಾದಲ್ಲಿ ನನ್ನ ಪಕ್ಕ ಸರಿದು ಕೂತು, ದನಿ ತಗ್ಗಿಸಿ, “ನಮ್ಮ ಹತ್ರ ಮುಚ್ಚಿಡ್ಬೇಡ. ಏನಾದ್ರೂ ಬೇಜಾರು ಮಾಡ್ಕೊಂಡಿದ್ರಾ? ಕೆಲ್ಸದಲ್ಲಿ ಏನಾದ್ರೂ?” ಎಂದರು.

ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೂ ಏನೂ ಅನ್ನಿಸಲಿಲ್ಲ. ಎದುರಿಗಿದ್ದ ಅತ್ತೆಗೆ ತಿಳಿಯಿತು.

“ಅಕ್ಕಾರ, ಇಲ್ಲೆ ಕೇಳ್ರಿ,” ಎಂದರು. ದನಿ ಏರಿಸಲಿಲ್ಲ. “ನನ್ನ ಮಗನ ಎದಿ ನಿಂತತಿ. ಅವರಪ್ಪಂದೂ ಹಂಗ ನಿಂತಿತ್ತು. ಅವರೂ ಇಪ್ಪತ್ತು ವರ್ಷ ಬಂದೂಕು ಹೊತ್ತಾರ, ಬಂದೂಕು ಅವರಿಗೇನೂ ಮಾಡಿಲ್ಲ. ಚಹಾ ಕುಡೀತೀರೇನು?”

ಆಂಟಿ ಚಹಾ ಕುಡಿದು ಹೋದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ, ನನ್ನೆದುರಿಗಂತೂ ಇಲ್ಲ.

ಆ ಮನೆಯ ಕಂತು ನನ್ನೊಬ್ಬಳ ಸಂಬಳಕ್ಕೆ ದೊಡ್ಡದಾಗಿತ್ತು. ಡಾಲಸ್ಸಿನ ಉತ್ತರಕ್ಕೆ ಫ್ರಿಸ್ಕೋದಲ್ಲಿ ನನ್ನ ತಂಗಿಯಿದ್ದಳು. ಅಲ್ಲೇ ಹೊಸ ಔಷಧಿ ಅಂಗಡಿಯೊಂದು ಶುರುವಾಗುತ್ತಿತ್ತು, ಕೆಲಸ ಸಿಕ್ಕಿತು. ಮಗಳ ಸ್ಕೂಲು ಮುಗಿದ ಕೂಡಲೇ ಶಿಫ್ಟ್ ಆಗುವುದೆಂದು ಗೊತ್ತುಮಾಡಿದೆವು. ಸಾಮಾನು ಸಾಗಿಸುವವರು ಬಂದು ಕೋಣೆ ಕೋಣೆ ನೋಡಿದರು. ಗರಾಜಿಗೆ ಬಂದಾಗ ಅವರಲ್ಲೊಬ್ಬ ಕಪಾಟು ತೋರಿಸಿ ತಲೆಯಾಡಿಸಿದ. “ಇದನ್ನ ನಾವು ಮುಟ್ಟಲ್ಲ ಮ್ಯಾಮ್. ಗುಂಡೂ ಇಲ್ಲ, ಮದ್ದೂ ಇಲ್ಲ. ನೀವೇ ವ್ಯವಸ್ಥೆ ಮಾಡ್ಕೋಬೇಕು.”

ಕ್ಲಬ್ಬು ನೋಡಿಕೊಳ್ಳುತ್ತಿದ್ದವರಿಗೆ ಫೋನು ಮಾಡಿದೆ. ಅವರು ಟೇಲರ್‌ನಲ್ಲಿ ದಂತವೈದ್ಯರು, ಅರವತ್ತರ ಹತ್ತಿರದ ಎತ್ತರದ ಮನುಷ್ಯ. ಅಂತ್ಯಕ್ರಿಯೆಗೂ ಬಂದಿದ್ದರು. ಮುಂದಿನ ಶನಿವಾರವೇ ಪಿಕಪ್ ತೆಗೆದುಕೊಂಡು ಹ್ಯೂಸ್ಟನ್ನಿಗೆ ಬಂದರು. ಅಷ್ಟು ಹೊತ್ತಿಗೆ ಬೀರುವಿನಲ್ಲಿ ಬಂದೂಕುಗಳು ಮೂರಾಗಿದ್ದವು. ಮೊದಲು ಕೊಂಡ ತ್ರೀ ನಾಟ್ ತ್ರೀಯನ್ನು ತಾನೇ ಇಟ್ಟುಕೊಳ್ಳುತ್ತೇನೆ, ಉಳಿದೆರಡಕ್ಕೆ ಕ್ಲಬ್ಬಿನಲ್ಲಿ ಜನ ಇದ್ದಾರೆ ಎಂದರು. ಅದರ ಹಿಡಿಕೆಯ ಮೇಲಿನ ಕುಂಕುಮ ನೋಡಿ, “ಇದನ್ನು ಒರೆಸಬೇಕೋ, ಬಿಡಬೇಕೋ?” ಎಂದು ಕೇಳಿದರು.

ನಾನು ಅತ್ತೆಯನ್ನು ಕೇಳಿದೆ. “ತಾನ ಹೋಗ್ತತಿ, ಬಿಡು ಅನ್ನು” ಎಂದರು.

ಆಮೇಲೆ ನಾನು ಕಪಾಟು ತೋರಿಸಿ, “ಇವನ್ನೂ ತಗೊಂಡು ಹೋಗಿ” ಎಂದೆ.

ಅವರು ಒಂದು ಡಬ್ಬಿ ತೆರೆದರು. ಗುಂಡುಗಳು ತಲೆ ಮೇಲಾಗಿ ಸಾಲಾಗಿ ನಿಂತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. “ಇಷ್ಟು ಶುಚಿಯಾಗಿ ತುಂಬುವವರು ನಮ್ಮಲ್ಲಿ ಯಾರೂ ಇರಲಿಲ್ಲ” ಎಂದರು. ಮತ್ತೆ ಅದನ್ನು ಅದರ ಜಾಗದಲ್ಲೇ ಇಟ್ಟು ಮುಚ್ಚಳ ಹಾಕಿದರು.

“ಆದ್ರೆ ಇವನ್ನ ನಾನು ಹಾರಿಸೋ ಹಾಗಿಲ್ಲ. ಯಾರೂ ಹಾರಿಸಲ್ಲ. ಇನ್ನೊಬ್ಬರು ತುಂಬಿದ ಗುಂಡು ಹಾರಿಸಬಾರದು ಅನ್ನೋದು ನಮ್ಮಲ್ಲಿ ಮೊದಲನೇ ಪಾಠ. ಅವನ ಮೇಲೆ ಅನುಮಾನ ಅಂತ ಅಲ್ಲ.”

“ಅರ್ಥ ಆಗತ್ತೆ” ಎಂದೆ. ನಿಜವಾಗಿ ಅರ್ಥವಾಗಿತ್ತು. ಯಾರಾದರೂ ತೆರೆದ ಮಾತ್ರೆಯ ಸೀಸೆ ತಂದು ವಾಪಸ್ ತಗೊಳ್ಳಿ ಎಂದರೆ ನಾನೂ ಮುಟ್ಟುವುದಿಲ್ಲ. ಅವರ ಮುಖ ನೋಡಿದರೆ, ನಾನು ಅತ್ತುಬಿಡುತ್ತೇನೆಂದು ಹೆದರಿದ್ದಂತೆ ಕಂಡಿತು. ಪಾಪ, ಅವರಿಗೆ ಕಾಫಿ ಕೊಟ್ಟೆ.

“ಪೊಲೀಸರಿಗೆ ಕೊಡಬಹುದು” ಎಂದರು ಕಾಫಿ ಕುಡಿಯುತ್ತ. “ಇಲ್ಲಾಂದ್ರೆ ಬಿಚ್ಚಬಹುದು. ಬಿಚ್ಚಿದ್ರೆ ಹಿತ್ತಾಳೆ ಕೊಳವೆ, ಗುಂಡು ಎರಡೂ ನನಗೆ ಉಪಯೋಗಕ್ಕೆ ಬರತ್ತೆ. ಮದ್ದು ಮಾತ್ರ ಬೇಡ.”

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಮೇಜಿನ ಮೇಲಿದ್ದ ಡಬ್ಬಿಗಳನ್ನು ನೋಡುತ್ತಿದ್ದರು.

“ಪೊಲೀಸರ ಕೈಗೆ ಯಾಕ ಕೊಡೂದು? ಅವರು ಒಯ್ದು ಎಲ್ಲಿ ಒಗೀತಾರೋ. ನಾವ ಬಿಚ್ಚೂಣು. ನಮಗೇನು ಕೆಲಸ ಐತಿ?”

ದಂತವೈದ್ಯರು ಅವನ ಮೇಜಿನ ಕೆಳಗಿನಿಂದ ಪ್ಲಾಸ್ಟಿಕ್ಕಿನ ಒಂದು ಸುತ್ತಿಗೆ ತೆಗೆದರು. ಅದರ ತಲೆ ಟೊಳ್ಳು. ಅದರೊಳಗೆ ಒಂದು ಗುಂಡನ್ನು ಸಿಕ್ಕಿಸಿ, ಮುಚ್ಚಳ ತಿರುಗಿಸಿ, ಮರದ ದಿಮ್ಮಿಯ ಮೇಲೆ ಬಡಿಯಬೇಕು. ಎರಡು ಮೂರು ಪೆಟ್ಟಿಗೆ ಖೋಕಾದಿಂದ ಸೀಸದ ಗುಂಡು ಕಳಚಿ ಮದ್ದಿನ ಸಮೇತ ಸುತ್ತಿಗೆಯ ಹೊಟ್ಟೆಗೆ ಬೀಳುತ್ತದೆ. ಕನ್ನಡಕ ಹಾಕಿಕೊಳ್ಳಲು ಹೇಳಿ, ಹತ್ತಾರು ಸಲ ನಮ್ಮ ಕೈಯಲ್ಲೇ ಮಾಡಿಸಿ, ನಿಧಾನವಾಗಿ ಮಾಡಿ, ಅವಸರ ಬೇಡ ಎಂದು ಎರಡೆರಡು ಸಲ ಹೇಳಿದರು. ಮದ್ದನ್ನು ಎಲ್ಲೂ ಶೇಖರಿಸಿಡಬೇಡಿ, ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿಬಿಡಿ, ಅದರಲ್ಲಿ ಸಾರಜನಕ ಇದೆ, ಹುಲ್ಲಿಗೆ ಒಳ್ಳೆಯದು ಎಂದರು.

ಹಾಗೆ ಶುರುವಾಯಿತು. ಸಂಜೆ ನಾನು ಕೆಲಸದಿಂದ ಬಂದು, ಮಗಳು ಹೋಂವರ್ಕಿಗೆ ಕೂತ ಮೇಲೆ, ನಾವಿಬ್ಬರೂ ಗರಾಜಿಗೆ ಹೋಗುತ್ತಿದ್ದೆವು. ಬಾಗಿಲು ಅರ್ಧ ಎತ್ತಿಟ್ಟು, ಟೇಬಲ್ ಫ್ಯಾನ್ ಹಾಕಿಕೊಂಡು ಕೂರುವುದು. ನಾನು ಬಡಿಯುವವಳು. ಅತ್ತೆ ಬೇರ್ಪಡಿಸುವವರು. ಸುತ್ತಿಗೆಯ ಹೊಟ್ಟೆಯಿಂದ ಸುರಿದದ್ದನ್ನು ತಟ್ಟೆಗೆ ಹರಡಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಿನಿಂದ ಸರಿಸಿ, ಗುಂಡು ಒಂದು ಡಬ್ಬಿಗೆ, ಖೋಕಾ ಇನ್ನೊಂದಕ್ಕೆ. ಮದ್ದು ಸಣ್ಣ ಸಣ್ಣ ಕಪ್ಪು ಕಡ್ಡಿಗಳು, ಸಾಸಿವೆಗಿಂತ ಸಣ್ಣವು. ಅತ್ತೆ ಬೆರಳ ತುದಿಯಲ್ಲಿ ಒತ್ತಿ ನೋಡಿದರು.

“ಇದಕ್ಕೂ ಮದ್ದ ಅಂತಾರ, ನೀ ಅಂಗಡ್ಯಾಗ ಕೊಡೂದಕ್ಕೂ ಮದ್ದ ಅಂತಾರ. ಎಷ್ಟು ಹಾಕ್ತಿದ್ದ ಒಂದಕ್ಕ?”

ಹೇಳಿದೆ. ಗ್ರೇನ್ ಎಂದರೆ ಅವರಿಗೆ ತಿಳಿಯಲಿಲ್ಲ. ಎರಡು ಗ್ರೇನ್ ಸೇರಿದರೆ ಸುಮಾರು ಒಂದು ಗುಲಗಂಜಿ ಎಂದೆ. “ಬಂಗಾರದ ತೂಕ” ಎಂದು ತಲೆಯಾಡಿಸಿದರು.

ಒಂದು ಸಂಜೆ ಅವರೇ ಮಾತು ತೆಗೆದರು. ಖೋಕಾ ಕೈಯಲ್ಲಿ ಹಿಡಿದುಕೊಂಡಿದ್ದರು.

“ಇಲ್ಲೆ ಇವನ್ನ ನೆಲದ ಮ್ಯಾಲ ಬಿಟ್ಟು ಹೋಗ್ತಾರಂತಲ್ಲ?”

“ಕೆಲವರು ಬಿಟ್ಟು ಹೋಗ್ತಾರೆ. ಇವನು ಹೆಕ್ಕಿ ತರ್ತಿದ್ದ.”

“ನಮ್ಮ ಕಡೆ ಒಂದು ಖೋಕಾ ಕಳದ್ರ ಮುಗೀತು. ಫೈರಿಂಗ್ ಪ್ರಾಕ್ಟೀಸ್ ಮುಗದ ಮ್ಯಾಲ ಎಣಿಸಿ ವಾಪಸ್ ಕೊಡಬೇಕು. ಒಂದ ಕಡಿಮಿ ಬಿದ್ರ ಇಡೀ ಪ್ಲಾಟೂನ್ ಹುಲ್ಲಾಗ ಮೊಣಕಾಲೂರಿ ಹುಡಕಬೇಕು. ನೀರಿಲ್ಲ, ಚಹಾ ಇಲ್ಲ. ಒಂದ್ ಸಲ ನಿಮ್ಮ ಮಾವನವರ ತಂಡದಾಗ ಹಂಗಾತು. ಹೊತ್ತು ಮುಳುಗೂತನ ಹುಡಕ್ಯಾರ. ಆಮ್ಯಾಲ ನೋಡಿದ್ರ, ಇವರ ಪ್ಯಾಂಟಿನ ಮಡಿಕ್ಯಾಗ ಕುಂತಿತ್ತು!”

“ಬೈದ್ರಾ?”

“ಬೈಲಾರದ ಬಿಡ್ತಾರೇನು? ಮನಿಗೆ ಬಂದು ಆ ಪ್ಯಾಂಟಿನ ಮಡಿಕಿ ಕತ್ತರಿಸಿ ಹೊಲಿ ಅಂದ್ರು. ನಾ ಹೊಲದೆ.”

ಇನ್ನೊಂದು ಸಂಜೆ, ಮಾವ ಹೋದ ಮೇಲೆ ಪೊಲೀಸ್ ಕ್ವಾರ್ಟರ್ಸ್ ಖಾಲಿ ಮಾಡಿದ್ದನ್ನು ಹೇಳಿದರು. ಹೊಸ ಹವಾಲ್ದಾರನ ಕುಟುಂಬ ಸಾಮಾನು ಸಮೇತ ಬಾಗಿಲಲ್ಲಿ ನಿಂತಿತ್ತಂತೆ. ಆ ಹೆಂಗಸಿಗೆ ಒಲೆ ಹೇಗೆ ಹೊಗೆಯಾಡುತ್ತದೆ, ಯಾವ ನಲ್ಲಿಗೆ ಯಾವಾಗ ನೀರು ಬರುತ್ತದೆ ಎಂದು ಎಲ್ಲ ತಿಳಿಸಿಕೊಟ್ಟು ಬಂದರಂತೆ. “ಅಳು ಬರಲಿಲ್ವಾ?” ಎಂದು ಕೇಳಿದೆ. ಕೈಯಲ್ಲಿದ್ದ ಖೋಕಾವನ್ನು ಡಬ್ಬಿಗೆ ಹಾಕಿದರು. “ನೆನಪಿಲ್ಲ. ಸ್ಟೋವ್ ಎತ್ಕೊಂಡು ನಡದಿದ್ದು ನೆನಪೈತಿ. ಸೀಮೆಎಣ್ಣಿ ಸೀರಿ ಮ್ಯಾಲ ಚೆಲ್ಲಿತ್ತು.”

ಮಗಳು ಕೆಲವೊಮ್ಮೆ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂಬತ್ತು ವರ್ಷದವಳು. “ಆರ್ ಯು ಬ್ರೇಕಿಂಗ್ ಡ್ಯಾಡ್ಸ್ ಸ್ಟಫ್?” ಎಂದು ಒಂದು ದಿನ ಕೇಳಿದಳು. ಒಡೆಯುತ್ತಿಲ್ಲ, ಬಿಚ್ಚುತ್ತಿದ್ದೇವೆ ಎಂದೆ. ಏನು ವ್ಯತ್ಯಾಸ ಎಂಬಂತೆ ನೋಡಿದಳು. ಒಡೆದರೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಬಿಚ್ಚಿದರೆ ಆ ಅಂಕಲ್ ಮತ್ತೆ ತುಂಬಿಕೊಳ್ಳುತ್ತಾರೆ ಎಂದು ವಿವರಿಸಿದೆ. “ಓಕೆ” ಎಂದು ಒಳಗೆ ಹೋದಳು. ಟಿವಿಯ ಸದ್ದು ಕೇಳಿಸಿತು.

ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ನಾನು ಟಾರ್ಚು ಹಿಡಿದು ಇಣುಕಿದ್ದ ಗುಂಡುಗಳೇ ಇವೆಲ್ಲ. ಆಗ ಬಾಯೊಳಗೆ ಕಂಡ ಮದ್ದು ಈಗ ತಟ್ಟೆಯಲ್ಲಿ ಬೀಳುತ್ತಿತ್ತು. ಒಂದರಲ್ಲೂ ಹೆಚ್ಚುಕಮ್ಮಿ ಇರಲಿಲ್ಲ. ತಕ್ಕಡಿ ಇನ್ನೂ ಮೇಜಿನ ಮೇಲೇ ಇತ್ತು, ಸುಮ್ಮನೆ ಕೆಲವನ್ನು ತೂಗಿ ನೋಡಿದೆ. ಎಲ್ಲ ಸರಿಯಿದ್ದವು. ಯಾರು ಬೇಕಾದರೂ ಹಾರಿಸಬಹುದಿತ್ತು. ಅತ್ತೆಗೆ ಹೇಳಿದೆ. “ಗೊತ್ತಿದ್ದದ್ದ ಐತಲ್ಲ” ಎಂದು ಅವರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಮದ್ದನ್ನು ಅತ್ತೆ ದಿನಾ ಬೆಳಗ್ಗೆ ಹಿತ್ತಿಲ ಹುಲ್ಲಿನ ಮೇಲೆ ಉದುರಿಸಿ ನೀರು ಬಿಡುತ್ತಿದ್ದರು. ಒಂದು ಮೂಲೆಯಲ್ಲಿ ಕೈ ಸ್ವಲ್ಪ ಧಾರಾಳವಾಯಿತೋ ಏನೋ, ಅಲ್ಲಿ ಹುಲ್ಲು ಸುಟ್ಟು ಹಳದಿಯಾಯಿತು. ಬೇರೆಡೆ ಕಡು ಹಸಿರಾಗಿ, ವಾರಕ್ಕೆರಡು ಸಲ ಕತ್ತರಿಸುವಷ್ಟು ಬೆಳೆಯಿತು. ಮನೆ ನೋಡಲು ಬಂದವರು ಹುಲ್ಲನ್ನು ಹೊಗಳಿದರು. ಏನು ಗೊಬ್ಬರ ಹಾಕುತ್ತೀರಿ ಎಂದು ಏಜೆಂಟು ಕೇಳಿದಾಗ, ಸಾರಜನಕ ಎಂದೆ.

ಕೆಲಸ ಮುಗಿಯುವ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತು. ಮೊದಮೊದಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ದಿನ ಅಂಗಡಿಯಲ್ಲಿ ಸೀಸೆಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಡಾಕ್ಟರ ಹತ್ತಿರ ಹೋದೆ. ಅವರು ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಬಗ್ಗಿಸಿ, “ಒಂದರಿಂದ ಹತ್ತರಲ್ಲಿ ನೋವು ಎಷ್ಟು?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನೇ ದಿನಾ ಜನರಿಗೆ ಕೇಳುತ್ತೇನೆ. ಉತ್ತರ ಹೇಳಲು ಬಾಯಿ ತೆರೆದೆ. ಸಂಖ್ಯೆ ಬರಲಿಲ್ಲ. ನೋವಿತ್ತು, ಚೆನ್ನಾಗೇ ಇತ್ತು, ನನ್ನದೇ ಕೈಯಲ್ಲಿತ್ತು. ಎಷ್ಟೋ ತಿಂಗಳಾದ ಮೇಲೆ ನನಗೆ ಏನೋ ಒಂದು ಆಗುತ್ತಿತ್ತು. ಡಾಕ್ಟರು ಟಿಶ್ಯೂ ಡಬ್ಬಿ ಮುಂದೆ ತಳ್ಳಿದಾಗಲೇ ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು.

“ತುಂಬಾ ನೋವಾ?” ಎಂದರು.

“ಇಲ್ಲ, ನಾಲ್ಕು” ಎಂದೆ.

ಕೈಗೆ ಪಟ್ಟಿ ಕಟ್ಟಿ, ಬಡಿಯುವ ಕೆಲಸ ನಿಲ್ಲಿಸಲು ಹೇಳಿದರು. ಉಳಿದ ಒಂದೆರಡು ಡಬ್ಬಿಗಳನ್ನು ಅತ್ತೆಯೇ ಬಡಿದರು. ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣಿಗೆ ನನ್ನ ದೊಡ್ಡ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು. ನಾನು ಎಡಗೈಯಲ್ಲಿ ಬೇರ್ಪಡಿಸಿದೆ. ಮುಗಿದ ದಿನ ವಿಶೇಷವೇನೂ ಆಗಲಿಲ್ಲ. ಮೇಜು ಒರೆಸಿ, ಕೈ ತೊಳೆದು, ಉಪ್ಪಿಟ್ಟು ಮಾಡಿ ತಿಂದೆವು.

ದಂತವೈದ್ಯರು ಇನ್ನೊಮ್ಮೆ ಬಂದು ಡಬ್ಬಿಗಳನ್ನು, ಪ್ರೆಸ್ಸನ್ನು, ಮೇಜನ್ನು ಒಯ್ದರು. ಖೋಕಾಗಳು ಅವರು ಇಟ್ಟುಕೊಂಡ ತ್ರೀ ನಾಟ್ ತ್ರೀಯ ಆಕಾರದವೇ ಆದ್ದರಿಂದ ಅವರಿಗೆ ಹೊಂದುತ್ತವೆ ಎಂದರು. ಹೊಸ ಮದ್ದನ್ನು ತಾನೇ ತೂಗಿ ಹಾಕಿಕೊಳ್ಳುತ್ತೇನೆ ಎಂದರು. ಅತ್ತೆ ಅವರಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಹಲ್ಲಿನ ಡಾಕ್ಟರಿಗೆ ಸಿಹಿ ಕೊಡುತ್ತಾರೆಯೇ ಎಂದು ನನ್ನಲ್ಲೇ ಅಂದುಕೊಂಡೆ.

ಜೂನ್ ತಿಂಗಳ ಒಂದು ಬೆಳಗ್ಗೆ ಹ್ಯೂಸ್ಟನ್ ಬಿಟ್ಟೆವು. ಸಾಮಾನಿನ ಲಾರಿ ಮುಂದೆ ಹೋಗಿತ್ತು. ಕಾರಿನಲ್ಲಿ ನಾವು ಮೂವರು, ಅತ್ತೆ ಮುಂದೆ, ಮಗಳು ಹಿಂದೆ. ಡಾಲಸ್ಸಿನ ಹೈವೇಯಲ್ಲಿ ಊರು ದಾಟಿದ ಮೇಲೆ ನೋಡುವುದಕ್ಕೇನೂ ಇಲ್ಲ, ಪೈನ್ ಮರ ಮುಗಿದರೆ ಬಯಲು, ಬಯಲಾದ ಮೇಲೆ ಇನ್ನಷ್ಟು ಬಯಲು. ಆಮೇಲೆ ಹಿಂದಿನ ಸೀಟಿನಿಂದ ಮಗಳು, “ಅಮ್ಮಾ, ಡಿಡ್ ಡ್ಯಾಡ್ ಎವರ್ ಲೆಟ್ ಯು ಶೂಟ್?” ಎಂದಳು.

“ಏನಂತಾಳ?” ಎಂದರು ಅತ್ತೆ.

“ನಾನು ಯಾವತ್ತಾದ್ರೂ ಬಂದೂಕು ಹಾರ್ಸಿದೀನಾ ಅಂತ.”

“ಹಾರಿಸೀಯೇನು?”

“ಒಂದ್ಸಲ.”

ಇಬ್ಬರೂ ನನ್ನ ಕಡೆ ತಿರುಗಿದರು. ಹೇಳಲೇಬೇಕಾಯಿತು. ಪಂದ್ಯವಿಲ್ಲದ ಒಂದು ದಿನ ಅವನು ನನ್ನನ್ನೂ ಆಸ್ಟಿನ್ನಿಗೆ ಕರೆದುಕೊಂಡು ಹೋಗಿದ್ದ. ಚಾಪೆಯ ಮೇಲೆ ಮಲಗಿಸಿ, ಹೆಗಲಿಗೆ ಟವೆಲು ಮಡಿಸಿಟ್ಟು, ಉಸಿರು ಹೀಗೆ ಬಿಡು, ಬೆರಳು ಹೀಗೆ ಎಳೆ ಎಂದು ಎಲ್ಲ ಹೇಳಿಕೊಟ್ಟ. ನಾನು ಕಣ್ಣು ಮುಚ್ಚಿಕೊಂಡು ಎಳೆದೆ. ದೂರದ ಹೊಂಡದಲ್ಲಿರುವವರು ಗುರಿಯ ಹಲಗೆ ಇಳಿಸಿ, ಗುಂಡು ಬಿದ್ದ ಕಡೆ ಬಿಳಿ ಬಿಲ್ಲೆ ಸಿಕ್ಕಿಸಿ, ಮತ್ತೆ ಮೇಲೆತ್ತುತ್ತಾರೆ. ನಮ್ಮ ಹಲಗೆಯಲ್ಲಿ ಬಿಲ್ಲೆ ಇರಲಿಲ್ಲ. ಪಕ್ಕದವರ ಹಲಗೆ ಮೇಲೆ ಬಂತು. ನಡುಮಧ್ಯದಲ್ಲಿ ಬಿಲ್ಲೆ! ಪಕ್ಕದ ಚಾಪೆಯಲ್ಲಿದ್ದ ದಪ್ಪ ಮನುಷ್ಯ ಇನ್ನೂ ಬಂದೂಕಿಗೆ ಗುಂಡೇ ಹಾಕಿರಲಿಲ್ಲ. ಒಮ್ಮೆ ಹಲಗೆ ನೋಡಿದ, ಒಮ್ಮೆ ತನ್ನ ಬಂದೂಕು ನೋಡಿದ. ನನ್ನ ಗಂಡ ಅಲ್ಲೇ ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

“ಅಂದ್ರ ಮಂದಿ ಮನಿ ಹಂಚಿನ ಮ್ಯಾಲ ರೊಟ್ಟಿ ಹಾಕಿ ಬಂದಿ!” ಎಂದರು ಅತ್ತೆ. ಅವರಿಗೆ ನಗು ಶುರುವಾಯಿತು. ಮೊದಲು ಸದ್ದಿಲ್ಲದೆ, ಆಮೇಲೆ ಸೀಟು ಅಲುಗುವಂತೆ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಗಳು “ವಾಟ್? ವಾಟ್ ಡಿಡ್ ಅಜ್ಜಿ ಸೇ?” ಎನ್ನುತ್ತ ತಾನೂ ನಕ್ಕಳು. ನನ್ನ ಬಾಯಿಂದಲೂ ನಗುವಿನಂಥ ಒಂದು ಸದ್ದು ಬಂತು. 

ಊಟಕ್ಕೆ ಇಳಿಯಬೇಕೆಂದುಕೊಂಡಿದ್ದ ಎಕ್ಸಿಟ್ ತಪ್ಪಿಹೋಯಿತು. ಮುಂದಿನ ಊರು ದೂರವಿತ್ತು, ಮಗಳು ಹಸಿವೆಂದು ಗೊಣಗಿದಳು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದು ಹೇಳಲಾರೆ. ಫ್ರಿಸ್ಕೋದಲ್ಲೂ ಎರಡು ಚಳಿಗಾಲ ನನಗೆ ಆ ಜೋಮು ಇದ್ದೇ ಇತ್ತು. ಅತ್ತೆ ವೀಸಾ ಮುಗಿಯುವ ತನಕ ಇದ್ದು ಹುಬ್ಬಳ್ಳಿಗೆ ಹೋದರು, ಮುಂದಿನ ವರ್ಷ ಮತ್ತೆ ಬಂದರು. ಜೋಮು ಯಾವಾಗ ಬಿಟ್ಟಿತೆಂದು ಕೇಳಿದರೆ ನನಗೆ ಗೊತ್ತಿಲ್ಲ.

ಆ ದಿನ ನಾವು ಹೊಸ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಫ್ರಿಸ್ಕೋದ ಅಂಚಿಗೆ, ಪ್ರಾಸ್ಪರ್ ಕಡೆಯ ಹೊಸ ಬಡಾವಣೆ, ನೆಟ್ಟ ಗಿಡಗಳಿಗೆ ಇನ್ನೂ ಕೋಲು ಕಟ್ಟಿತ್ತು. ಬೀಗದ ಕೈ ಕೊಡಬೇಕಾದವರು ಬಂದಿರಲಿಲ್ಲ. ಲಾರಿಯವನು ನೆರಳಿಲ್ಲದ ರಸ್ತೆಯಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ನಾವು ಕಾರಿನ ಎಸಿ ಹಾಕಿಕೊಂಡು ಒಳಗೇ ಕೂತೆವು. ಅತ್ತೆ ಚೀಲದಿಂದ ಕಿತ್ತಳೆ ತೆಗೆದು ಸುಲಿದು, ತೊಳೆ ತೊಳೆ ಬಿಡಿಸಿ, ಒಂದು ಹಿಂದಕ್ಕೆ, ಒಂದು ನನಗೆ, ಹೀಗೆ ಕೊಡುತ್ತ ಹೋದರು.